ರಬ್ಬರ್ ವಿಮಾನ ಎಡಕ್ಕ ಹೊಳ್ಳಿ ನೆಲಕ್ಕ ಬಡೀತೈತಿ: ರೆಕ್ಕಿ ತಪ್ಪೋ, ಮೂತಿ ತಪ್ಪೋ?

ಗಾಳಿಪಟ_ಬೆಳಗಾವಿ
ಕಿಟ್‌ನಿಂದ 45 ಸೆಂ.ಮೀ. ರೆಕ್ಕಿಯ, ಬಾಲ್ಸಾ ಅನ್ನೂ ಹಗೂರ ಕಟ್ಟಿಗಿಯ ವಿಮಾನ ಕಟ್ಟೇನ್ರಿ. ಟಿಶ್ಯೂ ಕಾಗದ ಹಚ್ಚಿ, ನೀರು ಸಿಂಪಡಿಸಿ ಒಣಗಿಸಿದ್ದು ಈ ಜಿಟಿಜಿಟಿ ಮಳ್ಯಾಗ. ಕೈಲೆ ಒಗದ್ರ ನೆಟ್ಟಗ ತೇಲಿ ಇಳೀತೈತಿ. ಪ್ರೊಪೆಲ್ಲರ್ ತಿರುಗಸೂ ರಬ್ಬರಿಗೆ 200 ಸುತ್ತು ಕೊಟ್ಟು ಬಿಟ್ರ ಎಡಕ್ಕ ವಾಲಿ ಮೂತಿ ಊರತೈತಿ. ರಬ್ಬರ್ 3 ಮಿ.ಮೀ. ಪಟ್ಟಿ, ಒಂದ ಕುಣಿಕಿ. ಮುಂದಿನ ಕೊಕ್ಕಿಯಿಂದ ಹಿಂದಿನ ಕಡ್ಡಿಗೆ 20 ಸೆಂ.ಮೀ. ಎಷ್ಟು ಸುತ್ತು ತಡೀತೈತಿ? ಕೊಬ್ಬರಿ ಎಣ್ಣಿ ಹಚ್ಚಬಹುದೇನ್ರಿ?

ಬಾಲ್ಸಾಪುಡಿ
ಸುತ್ತು ಕೊಟ್ಟಾಗಷ್ಟ ಎಡಕ್ಕ ಹೊಳ್ಳಿದ್ರ ಮೊದಲ ಸಂಶಯ ಪ್ರೊಪೆಲ್ಲರ್ ಮ್ಯಾಲ. ಹಿಂದಿನಿಂದ ನೋಡಿದ್ರ ಅದು ಗಡಿಯಾರದ ಮುಳ್ಳಿನಂಗ ತಿರಗತೈತಿ, ಮೈಯನ್ನ ಎಡಕ್ಕ ಉರುಳಸತೈತಿ. ರಡ್ಡರ್, ಅಂದ್ರ ಬಾಲದ ಮ್ಯಾಲ ನೆಟ್ಟಗ ನಿಂತ ಪಟ್ಟಿ, ಮುಟ್ಟಬ್ಯಾಡ್ರಿ. ಅದನ್ನ ಬಲಕ್ಕ ತಿರುವಿದ್ರ ರಬ್ಬರ್ ಬಿಚ್ಚಿ ಮುಗದ ಮ್ಯಾಲೂ ಹಂಗ ಉಳೀತೈತಿ, ತೇಲೂವಾಗ ಬಲಕ್ಕ ಸುರುಳಿ ಸುತ್ತತೈತಿ. ಮೂತಿ ಬ್ಲಾಕಿನ (ಪ್ರೊಪೆಲ್ಲರ್ ಕೂತಿರೂ ಮುಂದಿನ ತುಂಡಿನ) ಎಡ ಅಂಚಿನ ಹಿಂದ ಲಗ್ನಪತ್ರಿಕೆ ರಟ್ಟಿನ ಚೂರು ಇಡ್ರಿ. ಪ್ರೊಪೆಲ್ಲರ್ ದಂಡ ಬಲಕ್ಕ ನೋಡಬೇಕು. 20 ಮಿ.ಮೀ. ಅಗಲದ ಬ್ಲಾಕಿಗೆ 0.7 ಮಿ.ಮೀ. ದಪ್ಪ ಅಂದ್ರ 2 ಡಿಗ್ರಿ.

ಆದ್ರ ನಿಮ್ಮ ರೆಕ್ಕಿನೂ ನಂಬೂ ಹಂಗಿಲ್ಲ. ಮೆಲ್ಲಕ ತೇಲೂವಾಗ ಕಾಣದ ತಿರುಚು ಜೋರ ಹೋಗೂವಾಗ ಕಾಣತೈತಿ. ಒಂದೊಂದ ಅರ್ಧ ಗಾಜಿನ ಮ್ಯಾಲ ಇಟ್ಟು ನೋಡ್ರಿ. ಎಡ ತುದಿಯ ಹಿಂದಿನ ಅಂಚು ಬಲದಕ್ಕಿಂತ ಮ್ಯಾಲ ಎದ್ದಿದ್ರ ಆ ಕಡೆ ಎತ್ತೂ ಬಲ ಕಡಿಮಿ. ಚಾ ಕೆಟಲಿನ ಉಗಿಗೆ ಹಿಡದು, ಬೇಕಾದ್ದಕ್ಕಿಂತ ಒಂಚೂರು ಜಾಸ್ತಿ ಉಲ್ಟಾ ತಿರುವಿ, ಆರೂತನ ಕೈ ಬಿಡಬ್ಯಾಡ್ರಿ. ಮುಂದಿನ ಸಲ ನೀರು ಸಿಂಪಡಿಸಿದ ಕೂಡ್ಲೆ ರೆಕ್ಕಿನ ಹಲಗಿಗೆ ಪಿನ್ ಮಾಡ್ರಿ, ಕೆಳಗ ಗಾಳಿ ಆಡಾಕ 3 ಮಿ.ಮೀ. ಬಾಲ್ಸಾ ತುಂಡು ಇಡ್ರಿ. ಬೆಳಗಾವಿ ಮಳ್ಯಾಗ ಒಂದ ರಾತ್ರಿ ಸಾಲಂಗಿಲ್ಲ, ಎರಡ ದಿನ ಬಿಡ್ರಿ.

ಕುಣಿಕಿ_ವಿಜಯಪುರ
ರಬ್ಬರಿನ ಮಾತು. ಕುಣಿಕಿ ಉದ್ದ ಕೊಕ್ಕಿ-ಕಡ್ಡಿ ಅಂತರದ ಒಂದೂವರಿ ಪಟ್ಟು ಇರ್ಲಿ: ನಿಮಗ 30 ಸೆಂ.ಮೀ., ಅಂದ್ರ 60 ಸೆಂ.ಮೀ. ಪಟ್ಟಿ, ಗಂಟಿಗೆ 3 ಸೆಂ.ಮೀ. ಬ್ಯಾರೆ. ಗಂಟು ಬಿಗಿಯೂ ಮುಂದ ಉಗುಳು ಹಚ್ಚಿ ಒದ್ದಿ ಮಾಡ್ರಿ, ಒಣಾ ಎಳದ್ರ ರಬ್ಬರ್ ಸೀಳ್ತದ.

ಕೊಬ್ಬರಿ ಎಣ್ಣಿ ಬ್ಯಾಡ, ನಿಮ್ಮೂರ ಚಳಿಗಾಲದ ಮುಂಜಾನಿ ಹೆಪ್ಪಗಟ್ಟತದ. ಗ್ರೀಸು, ವ್ಯಾಸಲೀನು ರಬ್ಬರನ್ನ ತಿಂತಾವ. ಔಡಲ ಎಣ್ಣಿ ಎರಡ ಹನಿ ಸಾಕು, ಅಂಗೈಯಾಗ ತಿಕ್ಕಿ ಹಚ್ಚರಿ.

ಸುತ್ತಿನ ಲೆಕ್ಕ ಪುಸ್ತಕದಾಗ ಹುಡುಕೂದು ಬ್ಯಾಡ. ಅದ ಪಟ್ಟಿಯ, ಅದ ಉದ್ದದ ಇನ್ನೊಂದು ಕುಣಿಕಿ ಹರಿಯೂತನ ಸುತ್ತಿ ಎಣಸ್ರಿ. ಹಾರಸಲಿಕ್ಕೆ ಅದರ ನೂರಕ್ಕ 75. ಮೊದಲನೇ ಹಾರಾಟಕ್ಕ ನೂರಕ್ಕ 25 ಸಾಕು. ಸುತ್ತೂ ಮುಂದ ಕುಣಿಕಿ ನಾಕ್ ಪಟ್ಟು ಎಳೀರಿ. ಅರ್ಧ ಸುತ್ತು ಅಲ್ಲೇ ನಿಂತು, ಉಳದದ್ದು ಮೆಲ್ಲಕ ಒಳಗ ಬರ್ಕೋತ. ಕೈ ಡ್ರಿಲ್ಲಿನ ಬಾಯಾಗ ತಂತಿ ಕೊಕ್ಕಿ ಹಾಕಿದ್ರ ಲಗೂ ಆಗ್ತದ; ಹಿಡಕಿ ಒಂದ ಸಲ ತಿರುವಿದ್ರ ಕೊಕ್ಕಿ ಎಷ್ಟ ಸಲ ತಿರಗತದ ಅಂತ ಮೊದಲ ಎಣಸ್ಕೋರಿ. ಕೊಕ್ಕಿಗೆ ಸಣ್ಣ ವೈರಿನ ಪ್ಲಾಸ್ಟಿಕ್ ಕವಚ ಏರಸ್ರಿ, ರಬ್ಬರ್ ಅಲ್ಲೇ ಕತ್ತರಸೂದು.

ಗಾಳಿಪಟ_ಬೆಳಗಾವಿ
ರಟ್ಟು ಇಟ್ಟೆ, ಎಡಕ್ಕ ಹೋಗೂದು ನಿಂತತು. ಈಗ ಮೂತಿ ಎತ್ತಿ ಏರಿ, ನಿಂತು, ಮುಗ್ಗರಸತೈತಿ. ಮೂತಿಗೆ ತೂಕಕ್ಕ ಕ್ಲೇ ಹಚ್ಚಲೇನ್ರಿ?

ಬಾಲ್ಸಾಪುಡಿ
ತೇಲೂವಾಗೂ ಮುಗ್ಗರಸಿದ್ರಷ್ಟ ಕ್ಲೇ. ತೂಕದ ನಡುಬಿಂದು ರೆಕ್ಕಿ ಅಗಲದ ಮೂರರಾಗ ಒಂದ ಪಾಲಿಗೆ, ಮುಂದಿನ ಅಂಚಿನಿಂದ ಅಳದು. ತೇಲೂದು ಸರಿ ಇದ್ರ ಬ್ಲಾಕಿನ ಮ್ಯಾಲಿನ ಅಂಚಿನ ಹಿಂದ ಒಂದ ರಟ್ಟು ಇಡ್ರಿ, ಪ್ರೊಪೆಲ್ಲರಿನ ಎಳತ ಕೆಳಗ ಬರತೈತಿ. ಒಂದ ಹಾರಾಟಕ್ಕ ಒಂದ ಬದಲಾವಣಿ. ವ್ಯಾಕ್ಸಿನ್ ಡಿಪೋ ಮೈದಾನಕ್ಕ ಹೋಗೂದಿದ್ರ ಗಾಳಿ ಏಳೂದ್ರೊಳಗ ಹೋಗ್ರಿ, ಇಲ್ಲಂದ್ರ ಯಾವುದರ ತಪ್ಪು ಅಂತ ತಿಳಿಯಾಂಗಿಲ್ಲ. ಸರಿ ಕೂತ ಮ್ಯಾಲ ರಟ್ಟು ಅಂಟಿಸಿಬಿಡ್ರಿ. ಬ್ಲಾಕ್ ತಗದು ಸುತ್ತೂವಾಗ ಅದು ಉದುರಿ ಹುಲ್ಲಿನ್ಯಾಗ ಹೋಗತೈತಿ.