ಸಹಾಯ ಬೇಕು: ತೊಗರಿ ಇಳುವರಿ ಗ್ರಾಫಿನಲ್ಲಿ ಒಂದು ಗುಡ್ಡವೋ, ಎರಡೋ?

ಎಲ್ಲರಿಗೂ ಶರಣಾರ್ಥಿ. ನಾನು ಕಲಬುರಗಿಯಲ್ಲಿ ಪದವಿ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ಆಳಂದ, ಚಿತ್ತಾಪುರ ಕಡೆಯ 60 ರೈತರನ್ನು ಕಂಡು, ಎಕರೆಗೆ ಎಷ್ಟು ಕ್ವಿಂಟಲ್ ತೊಗರಿ ಬಂತು ಎಂದು ಬರೆದುಕೊಂಡು ಬಂದೆ. ಬಿಸಿಲಲ್ಲಿ ಹೊಲ ಹೊಲ ತಿರುಗಿ ತಂದ ಲೆಕ್ಕ. ತಪ್ಪಾಗಿ ಬರೆಯಲು ಮನಸ್ಸಿಲ್ಲ.

ಸರಾಸರಿ 5 ಕ್ವಿಂಟಲ್, ಮಧ್ಯಾಂಕ (ಇಳುವರಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದರೆ ನಟ್ಟನಡುವೆ ಬರುವ ಅಂಕಿ) 4.6, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 2.4. ಕಾರ್ಲ್ ಪಿಯರ್ಸನ್ ಸೂತ್ರಕ್ಕೆ ಹಾಕಿದರೆ ಓರೆತನ (ಗ್ರಾಫ್ ಒಂದು ಕಡೆಗೆ ಎಷ್ಟು ಎಳೆದುಕೊಂಡಿದೆ ಎಂಬ ಅಳತೆ) 0.5 ಬರುತ್ತದೆ. ಅಂದರೆ ಬಲಕ್ಕೆ ಓರೆ, ಅಲ್ವಾ? ಮೊದಲು ಇದೇ ತಲೆಗೆ ಹೋಗಲಿಲ್ಲ. ಗುಡ್ಡ ಎಡಕ್ಕಿದೆ, ಮತ್ತೆ ಬಲ ಓರೆ ಹೇಗೆ ಅಂತ. ಆಮೇಲೆ ತಿಳಿಯಿತು, ಹೆಸರು ಬರುವುದು ಉದ್ದ ಬಾಲ ಇರುವ ಕಡೆಯಿಂದ.

ತೊಡಕು ಇರುವುದು ಹಿಸ್ಟೋಗ್ರಾಮ್‌ನಲ್ಲಿ, ಅಂದರೆ ಎಷ್ಟರಿಂದ ಎಷ್ಟು ಕ್ವಿಂಟಲ್ ಒಳಗೆ ಎಷ್ಟು ರೈತರಿದ್ದಾರೆ ಎಂದು ಕಂಬಗಳಲ್ಲಿ ತೋರಿಸುವ ಗ್ರಾಫಿನಲ್ಲಿ. 3 ಕ್ವಿಂಟಲ್ ಅಗಲದ ಕಂಬ ಹಾಕಿದರೆ ಒಂದೇ ಗುಡ್ಡ, ಬಲಕ್ಕೆ ಬಾಲ. 1 ಕ್ವಿಂಟಲ್‌ಗೆ ಇಳಿಸಿದರೆ ಎರಡು ಗುಡ್ಡ, ಒಂದು 4ರ ಹತ್ತಿರ, ಇನ್ನೊಂದು ಚಿಕ್ಕದು 8ರ ಹತ್ತಿರ. ಹಾಳೆ ತಿರುಗಿಸಿ ನೋಡಿದೆ. 8ರ ಸುತ್ತ ಇರುವವರು ಹೆಚ್ಚಾಗಿ ಬೋರ್ ಇದ್ದವರು. ಬೋರ್ ಇರುವವರು ಒಟ್ಟು 18 ಜನ. ಉಳಿದ 42 ಜನ ಮಳೆಯನ್ನೇ ನಂಬಿದವರು. 5 ಕ್ವಿಂಟಲ್ ಎನ್ನುವ ಸರಾಸರಿ ಎರಡೂ ಗುಡ್ಡಗಳ ನಡುವೆ ಬೀಳುತ್ತದೆ, ಯಾರ ಹೊಲದ ಕಥೆಯನ್ನೂ ಅದು ಸರಿಯಾಗಿ ಹೇಳುವುದಿಲ್ಲ ಅನಿಸುತ್ತದೆ.

ಗೆಳೆಯರು ಸುಮ್ನೆ ನಾರ್ಮಲ್ (ಎರಡೂ ಕಡೆ ಸಮನಾಗಿರುವ, ಗಂಟೆಯಾಕಾರದ ಹಂಚಿಕೆ) ಅಂತ ಬರೆದುಬಿಡು ಅಂದರು. ಗಂಟೆಯ ಆಕಾರವೇ ಇಲ್ಲದಿರುವಾಗ ಹಾಗೆ ಬರೆಯಲಾರೆ.

ಗೊತ್ತಿದ್ದವರು ಹೇಳಿ: ಇದನ್ನು ಬಲಕ್ಕೆ ಓರೆಯಾದ ಹಂಚಿಕೆ ಎನ್ನಬೇಕೋ, ಎರಡು ಶಿಖರದ್ದು ಎನ್ನಬೇಕೋ? ಮಳೆ ಹೊಲ, ಬೋರ್ ಹೊಲ ಬೇರೆ ಮಾಡಿ ಎರಡು ಗ್ರಾಫ್ ಹಾಕಿದರೆ ಸರಿಯೇ? 60 ಜನರಿಗೆ ಕಂಬದ ಅಗಲ ಎಷ್ಟಿರಬೇಕು?