ಅಮ್ಮ, ಮಗಳೊಂದಿಗೆ ಸಿಂಗಪುರದಲ್ಲಿ ಐದು ದಿನ

ಪ್ರಶ್ನೆ (ಮಡಿಕೇರಿ): ಕಾಫಿ ಕೊಯ್ಲು ಮುಗಿದ ಮೇಲೆ, ಮಂಡಿನೋವಿರುವ ಅಮ್ಮನನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ಸಿಂಗಪುರಕ್ಕೆ ಹೋಗಬೇಕೆಂದಿದ್ದೇವೆ. ಅಮ್ಮನಿಗೆ ದಣಿವಾಗದಂತೆ ಏನೇನು ನೋಡಬಹುದು?

ಉತ್ತರ (ವಿರಾಜಪೇಟೆ): ಮೊದಲ ಬೆಳಿಗ್ಗೆಯನ್ನು 1859ರಲ್ಲಿ ಆರಂಭವಾದ ಸಸ್ಯೋದ್ಯಾನಕ್ಕೇ ಮೀಸಲಿಡಿ, ಪ್ರವೇಶ ಉಚಿತ, ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಬೇಕು. ಮರಕ್ಕೆ ಹೆಚ್ಚು ಹಾನಿಯಾಗದಂತೆ ರಬ್ಬರ್ ಹಾಲು ಇಳಿಸುವ ವಿಧಾನವನ್ನು ಈ ಉದ್ಯಾನದ ನಿರ್ದೇಶಕರಾಗಿದ್ದ ಸಸ್ಯವಿಜ್ಞಾನಿ ರಿಡ್ಲಿಯವರು ರೂಪಿಸಿದ್ದು ಇಲ್ಲಿಯೇ ಎಂಬುದು ತೋಟದವರಾದ ನಮಗೆ ಬಹಳ ಹತ್ತಿರದ ಸಂಗತಿ. ನನ್ನ ಅತ್ತೆಯವರು ಆರ್ಕಿಡ್‌ಗಳ ಮುಂದೆ ಕುಳಿತು, ಮನೆಯ ಹಲಸಿನ ಮರದಲ್ಲಿ ಅರಳುವ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ಡನ್ನು ನೆನೆದು ಏಳಲೇ ಇಲ್ಲ.

ಉತ್ತರ (ಗೋಣಿಕೊಪ್ಪ): ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ಮಂಡಿಯ ಚಿಂತೆ ಬೇಡ. ಮಧ್ಯಾಹ್ನದ ಸೆಕೆಗೆ ಕೊಠಡಿಯಲ್ಲಿ ವಿಶ್ರಮಿಸಿ, ಸಂಜೆ ಮರೀನಾ ಕೊಲ್ಲಿಯ ದೀಪಗಳನ್ನು ಮಗಳಿಗೆ ತೋರಿಸಿ. ಸಸ್ಯಾಹಾರದ ಊಟಕ್ಕೆ ಲಿಟಲ್ ಇಂಡಿಯಾ ಎಂಬ ಭಾರತೀಯರ ಬಡಾವಣೆಯ ಸೆರಂಗೂನ್ ರಸ್ತೆಗೆ ಹೋಗಿ. ಕೊಡೆಯನ್ನು ಮಾತ್ರ ಮರೆಯಬೇಡಿ. ಅಲ್ಲಿ ವರ್ಷವಿಡೀ ಮಳೆ ಬರುತ್ತದೆ.