ಓದುಗರ ಸ್ಪಂದನ: ಇನ್ನೇನು ಬಿಡಲಿ?

ಹಾಸನ ಜಿಲ್ಲೆಯ ಬಾಣಂತಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು: “ಮಗನಿಗೆ ಐದು ವಾರ. ಎದೆಹಾಲು ಮಾತ್ರ ಕೊಡುತ್ತಿದ್ದೇನೆ. ಸಂಜೆ ಆರಕ್ಕೆ ರಚ್ಚೆ ಹಿಡಿದರೆ ಒಂಬತ್ತೂವರೆಯಾದರೂ ಬಿಡುವುದಿಲ್ಲ. ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಾನೆ. ನಾನು ತಿಂದ ಬೇಳೆ, ಬದನೆಕಾಯಿಯಿಂದಲೇ ವಾಯು ಆಗಿದೆ ಎನ್ನುತ್ತಾರೆ ಅತ್ತೆ. ಈಗ ಅನ್ನ, ಮೆಣಸಿನ ಸಾರು, ತುಪ್ಪ ಬಿಟ್ಟು ಬೇರೇನೂ ತಿನ್ನುತ್ತಿಲ್ಲ. ಆದರೂ ಅಳು ನಿಂತಿಲ್ಲ. ಇನ್ನೇನು ಬಿಡಲಿ?”

ತಂಗಿ, “ಇನ್ನೇನು ಬಿಡಲಿ” ಎಂಬ ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ಮೊದಲು ಕಡಲೆಬೇಳೆ ಬಿಟ್ಟೆ. ಆ ದಿನ ಮಗಳು ಸ್ವಲ್ಪ ಕಡಿಮೆ ಅತ್ತಳು. ಸಿಕ್ಕಿತು ಕಾರಣ ಅಂದುಕೊಂಡೆ. ಮಾರನೆಯ ದಿನ ಮತ್ತೆ ಅದೇ ಅಳು. ಆಮೇಲೆ ತೊಗರಿಬೇಳೆ ಹೋಯಿತು, ಆಲೂಗಡ್ಡೆ ಹೋಯಿತು, ಎಲೆಕೋಸು, ಹುರುಳಿಕಾಯಿ, ಬಾಳೆಹಣ್ಣು ಎಲ್ಲವೂ ಹೋದವು. ಒಂದೊಂದು ಬಿಟ್ಟಾಗಲೂ ಒಂದು ದಿನ ಚೆನ್ನಾಗಿರುತ್ತಿತ್ತು, ಎರಡನೇ ದಿನ ಇಲ್ಲ.

ತವರಿನಲ್ಲಿ ಬಾಣಂತಿಗೆ ಅಂಟಿನುಂಡೆ, ಸಬ್ಬಸಿಗೆ ಸೊಪ್ಪು, ಹೆಸರುಬೇಳೆ ಎಲ್ಲ ಕೊಡುತ್ತಾರೆ. ಗಂಡನ ಮನೆಯಲ್ಲಿ ಸೊಪ್ಪೇ ಆಗದು, ಮಗುವಿಗೆ ಭೇದಿಯಾಗುತ್ತದೆ ಎಂದರು. ಒಂದು ಮನೆಯ ಪಥ್ಯ ಇನ್ನೊಂದು ಮನೆಯಲ್ಲಿ ಅಪಥ್ಯ. ಎರಡೂ ಮನೆಗಳಲ್ಲಿ ಮಕ್ಕಳು ಬೆಳೆದಿದ್ದಾರಲ್ವಾ? ಅದು ನನಗೆ ಹೊಳೆದದ್ದು ಎರಡು ತಿಂಗಳು ಬರೀ ಅನ್ನ ತಿಂದು, ಒಂದು ಬೆಳಗ್ಗೆ ಬಚ್ಚಲಲ್ಲಿ ತಲೆಸುತ್ತಿ ಕೂತ ಮೇಲೆ. ಆವತ್ತಿನಿಂದ ಎಲ್ಲವನ್ನೂ ತಿನ್ನಲು ಶುರು ಮಾಡಿದೆ. ಅಳು ಜಾಸ್ತಿಯಾಗಲಿಲ್ಲ. ಹದಿನಾಲ್ಕನೇ ವಾರಕ್ಕೆ ತಾನಾಗಿ ನಿಂತಿತು. ಆಗ ನನ್ನ ತಟ್ಟೆಯಲ್ಲಿ ಎಲೆಕೋಸಿನ ಪಲ್ಯವೂ ಇತ್ತು.
— ಓದುಗರು, ದಾವಣಗೆರೆ

ನಾನು ನಿವೃತ್ತ ನರ್ಸ್. ಹೆರಿಗೆ ವಾರ್ಡಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಮಗುವಿನದು ಹೆಚ್ಚಾಗಿ ಕಾಲಿಕ್ ಇರಬೇಕು. ಹೊಟ್ಟೆ ತುಂಬಿ, ಆರೋಗ್ಯವಾಗಿರುವ ಕೂಸು ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ, ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ, ಮೂರು ವಾರಕ್ಕಿಂತ ಜಾಸ್ತಿ ಕಾಲ ಕಾರಣವಿಲ್ಲದೆ ಅತ್ತರೆ ಅದನ್ನು ಕಾಲಿಕ್ ಎನ್ನುತ್ತಾರೆ. ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ 1954ರಲ್ಲಿ ಕೊಟ್ಟ ಲೆಕ್ಕ ಇದು. ಈ ಅಳು ಎರಡು, ಮೂರನೇ ವಾರಕ್ಕೆ ಶುರುವಾಗಿ, ಆರನೇ ವಾರದ ಹೊತ್ತಿಗೆ ಏರುತ್ತದೆ. ಮೂರು, ನಾಲ್ಕು ತಿಂಗಳಿಗೆ ಇಳಿಯುತ್ತದೆ. ನಿಮ್ಮದು ಐದನೇ ವಾರ. ಅಂದರೆ ಏರುವ ಹೊತ್ತು. ಈಗ ನೀವು ಏನು ಬಿಟ್ಟರೂ ಅಳು ಹೆಚ್ಚುವಂತೆಯೇ ಕಾಣಬಹುದು. ಹತ್ತನೇ ವಾರದಲ್ಲಿ ಏನು ಬಿಟ್ಟರೂ ಅದರಿಂದಲೇ ಗುಣವಾದಂತೆ ಕಾಣುತ್ತದೆ. ಪಥ್ಯದ ಮೇಲೆ ನಮ್ಮವರಿಗೆ ಇಷ್ಟು ನಂಬಿಕೆ ಹುಟ್ಟಿದ್ದು ಹೀಗೇ ಅಂತ ನನಗನ್ನಿಸುತ್ತದೆ.

ಬೇಳೆ ತಿಂದರೆ ನಿಮಗೆ ಗ್ಯಾಸ್ ಆಗುತ್ತದೆ, ನಿಜ. ಜೀರ್ಣವಾಗದೆ ಉಳಿದ ನಾರು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸುತ್ತವೆ. ಎದೆಹಾಲು ತಯಾರಾಗುವುದು ನಿಮ್ಮ ರಕ್ತದಿಂದ, ಹೊಟ್ಟೆಯೊಳಗಿನ ಅನ್ನದಿಂದಲ್ಲ. ಆ ನಾರು ರಕ್ತಕ್ಕೆ ಸೇರುವುದೇ ಇಲ್ಲ. ನಿಮ್ಮ ಹೊಟ್ಟೆಯ ವಾಯು ಹಾಲಿನ ಜೊತೆ ಹೋಗಿ ಮಗುವಿನ ಹೊಟ್ಟೆ ಉಬ್ಬಿಸುವುದೂ ಇಲ್ಲ. ಮಗು ಅಳುವಾಗ ಗಾಳಿ ನುಂಗುತ್ತದೆ, ಅದರಿಂದ ಹೊಟ್ಟೆ ಗಟ್ಟಿಯಾಗುತ್ತದೆ. ನಾವು ಅದನ್ನೇ ಅಳುವಿಗೆ ಕಾರಣ ಎಂದು ತಿಳಿಯುತ್ತೇವೆ.

ಆದರೆ ಊಟದ ರುಚಿ, ವಾಸನೆ ಹಾಲಿಗೆ ಬರುತ್ತದೆ. ನಮ್ಮ ಅಜ್ಜಿಯರು ಬಾಣಂತಿಗೆ ಬೆಳ್ಳುಳ್ಳಿ ತಿನ್ನಿಸುತ್ತಿದ್ದರಲ್ಲ? 1991ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸಂಶೋಧಕರು ತಾಯಂದಿರಿಗೆ ಬೆಳ್ಳುಳ್ಳಿ ಕೊಟ್ಟು ನೋಡಿದರು. ಹಾಲಿಗೆ ಅದರ ವಾಸನೆ ಬಂತು. ಆದರೆ ಮಕ್ಕಳು ಮುಖ ತಿರುಗಿಸಲಿಲ್ಲ, ಇನ್ನಷ್ಟು ಹೊತ್ತು ಮೊಲೆ ಹಿಡಿದು ಚೀಪಿದವು.

ಕಾಫಿ ಮಾತ್ರ ಲೆಕ್ಕ ಇಟ್ಟು ಕುಡಿಯಿರಿ. ಕೆಫೀನ್ ಸ್ವಲ್ಪ ಪ್ರಮಾಣದಲ್ಲಿ ಹಾಲಿಗೆ ಹೋಗುತ್ತದೆ. ನಮ್ಮ ಮೈಯಿಂದ ಅದರ ಅರ್ಧ ಭಾಗ ಹೊರಹೋಗಲು ಸುಮಾರು ಐದು ಗಂಟೆ ಸಾಕು. ಆಗ ತಾನೇ ಹುಟ್ಟಿದ ಕೂಸಿಗೆ ಮೂರು ದಿನವೂ ಬೇಕಾದೀತು. ದಿನಕ್ಕೆ ಒಂದೆರಡು ಲೋಟ ಸಾಕು.

ಇನ್ನೊಂದು ವಿಷಯ. ಒಂದು ಕಡೆ ಸ್ವಲ್ಪ ಹಾಲು ಕುಡಿಸಿ, ತಕ್ಷಣ ಇನ್ನೊಂದು ಕಡೆಗೆ ಬದಲಿಸುತ್ತೀರಾ? ಹಾಲು ತುಂಬಾ ಇರುವವರಲ್ಲಿ ಆಗ ಮಗುವಿಗೆ ಮೊದಲು ಬರುವ ತೆಳು ಹಾಲೇ ಜಾಸ್ತಿ ಹೋಗುತ್ತದೆ. ಅದರಲ್ಲಿ ಕೊಬ್ಬು ಕಡಿಮೆ, ಬೇಗ ಕರುಳಿಗೆ ಇಳಿಯುತ್ತದೆ. ಅದರ ಸಕ್ಕರೆ ಅಲ್ಲಿ ಹುಳಿತು ನೊರೆನೊರೆಯಾದ ಹಸಿರು ಮಲವಾಗುತ್ತದೆ. ಒಂದು ಕಡೆ ಪೂರ್ತಿ ಕುಡಿದು ಮಗು ತಾನಾಗಿ ಬಿಟ್ಟ ಮೇಲೆ ಇನ್ನೊಂದು ಕಡೆ ಕೊಡಿ.

ಗ್ರೈಪ್ ವಾಟರ್, ಓಮದ ನೀರು, ಜೇನು, ತೇಯ್ದ ಬಜೆ ಯಾವುದನ್ನೂ ಕೊಡಬೇಡಿ. ಆರು ತಿಂಗಳವರೆಗೆ ಎದೆಹಾಲು ಮಾತ್ರ. ಜೇನನ್ನು ಒಂದು ವರ್ಷ ತುಂಬುವವರೆಗೂ ನಾಲಿಗೆಗೆ ಸೋಕಿಸಬಾರದು, ಅದರಿಂದ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ಡೈಸೈಕ್ಲೊಮಿನ್ ಇರುವ ಹೊಟ್ಟೆನೋವಿನ ಹನಿಗಳು ಆರು ತಿಂಗಳೊಳಗಿನ ಮಕ್ಕಳಿಗೆ ಅಪಾಯ. ಔಷಧಿ ಅಂಗಡಿಯಲ್ಲಿ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಕುಡಿಯದಿರುವುದು, ತೂಕ ಏರದಿರುವುದು, ದಿನಕ್ಕೆ ಆರು ಸಲವೂ ಮೂತ್ರ ಮಾಡದಿರುವುದು, ಇದರಲ್ಲಿ ಒಂದಿದ್ದರೂ ಅದು ಕಾಲಿಕ್ ಎಂದು ಕೂರಬೇಡಿ. ತಕ್ಷಣ ವೈದ್ಯರಿಗೆ ತೋರಿಸಿ.
— ಓದುಗರು, ಮೈಸೂರು

ಅಕ್ಕ, ಊಟಕ್ಕೂ ಅಳುವಿಗೂ ಸಂಬಂಧವೇ ಇಲ್ಲ ಅಂತ ಮಾತ್ರ ತಿಳಿಯಬೇಡಿ. ನನ್ನ ಮಗನ ವಿಷಯದಲ್ಲಿ ಇತ್ತು. ಅದು ಬೇಳೆಯಲ್ಲ, ಹಾಲು. ಅವನಿಗೆ ಅಳುವಿನ ಜೊತೆ ಕೆನ್ನೆಯ ಮೇಲೆ ಕೆಂಪು ಗಂದೆ, ಮಲದಲ್ಲಿ ಲೋಳೆ, ಒಂದೆರಡು ಸಲ ರಕ್ತದ ಎಳೆ ಕಂಡಿತು. ವೈದ್ಯರು ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರಬಹುದು ಎಂದರು. ನಾವು ಕುಡಿದ ಹಾಲಿನ ಪ್ರೋಟೀನು ಸ್ವಲ್ಪ ಎದೆಹಾಲಿಗೂ ಬರುತ್ತದಂತೆ. ಸ್ವೀಡನ್ನಿನ ವೈದ್ಯರು ಇದನ್ನು 1978ರಲ್ಲೇ ಬರೆದಿದ್ದಾರೆ ಎಂದೂ ಹೇಳಿದರು.

ಎರಡು ವಾರ ಹಾಲು, ಮೊಸರು, ಮಜ್ಜಿಗೆ, ಪನೀರ್, ತುಪ್ಪ, ಪೇಡ ಎಲ್ಲ ಬಿಟ್ಟೆ. ಎಮ್ಮೆ ಹಾಲೂ ಬಿಡಬೇಕು, ಪ್ರೋಟೀನು ಹೆಚ್ಚು ಕಡಿಮೆ ಒಂದೇ. ಬಿಸ್ಕೆಟ್ ಪೊಟ್ಟಣದ ಹಿಂದೆ ಹಾಲಿನ ಪುಡಿ ಅಂತ ಇದೆಯಾ ಎಂದು ಓದುವುದು ಅಭ್ಯಾಸವಾಯಿತು. ನನ್ನ ಮಗ ಹತ್ತೇ ದಿನಕ್ಕೆ ಬೇರೆ ಮಗುವಿನ ಹಾಗೆ ಆದ. ಅಲ್ಲಿಗೆ ಮುಗಿಯಲಿಲ್ಲ. ವೈದ್ಯರು ಹೇಳಿದ ಮೇಲೆ ಮತ್ತೆ ಒಂದು ಲೋಟ ಹಾಲು ಕುಡಿದು ನೋಡಿದೆ. ಎರಡೇ ದಿನದಲ್ಲಿ ಅಳು, ಲೋಳೆ ಎರಡೂ ಮರಳಿದವು. ಆಗ ನಿಜವಾದ ಕಾರಣ ಗೊತ್ತಾಯಿತು.

ನೀವು ಬೇಳೆ ಬಿಟ್ಟು ತುಪ್ಪ ಇಟ್ಟುಕೊಂಡಿದ್ದೀರಿ. ಪರೀಕ್ಷೆ ಮಾಡುವುದಾದರೆ ವೈದ್ಯರನ್ನು ಕೇಳಿ, ಹಾಲಿನದ್ದು ಮಾತ್ರ, ಎರಡು ವಾರ ಮಾತ್ರ ಬಿಟ್ಟು ನೋಡಿ. ಫಲ ಸಿಗದಿದ್ದರೆ ಮತ್ತೆ ಕುಡಿಯಿರಿ. ಹಾಲು ಬಿಟ್ಟ ದಿನಗಳಲ್ಲಿ ರಾಗಿ ತಿನ್ನಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಳ್ಳಿನ ಚಟ್ನಿಪುಡಿಯೂ ಒಳ್ಳೆಯದು.
— ಓದುಗರು, ಬೆಳಗಾವಿ

ನಾನೊಬ್ಬ ಅಪ್ಪ. ನಿಮ್ಮ ಪತ್ರದಲ್ಲಿ ಅತ್ತೆಯ ಮಾತಿದೆ, ಮಗುವಿನ ಅಪ್ಪನ ಮಾತೇ ಇಲ್ಲ. ಈ ಪುಟವನ್ನು ಅವರಿಗೆ ಓದಿಸಿ. ಸಂಜೆ ಆರರಿಂದ ಒಂಬತ್ತು ನಮ್ಮ ಮನೆಯಲ್ಲಿ ನನ್ನ ಪಾಳಿಯಾಗಿತ್ತು. ಅಂಗಿ ಬಿಚ್ಚಿ ಮಗುವನ್ನು ಎದೆಗೆ ಒರಗಿಸಿಕೊಂಡು ಮಹಡಿ ಮೇಲೆ ನಡೆಯುತ್ತಿದ್ದೆ. ಹಾಲು ಕುಡಿದ ಮೇಲೆ ಬೆನ್ನು ತಟ್ಟಿ ತೇಗಿಸುತ್ತಿದ್ದೆ. ಕೆಲವು ದಿನ ಏನೂ ಉಪಯೋಗವಾಗುತ್ತಿರಲಿಲ್ಲ. ಒಂದು ರಾತ್ರಿ ಸಿಟ್ಟು ನೆತ್ತಿಗೇರಿತು. ಮಗುವನ್ನು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ಬಾಗಿಲ ಹೊರಗೆ ಐದು ನಿಮಿಷ ನಿಂತು ಬಂದೆ. ಹಾಗೆ ಮಾಡುವುದು ತಪ್ಪಲ್ಲ. ಸಿಟ್ಟಿನಲ್ಲಿ ಕೂಸನ್ನು ಯಾವತ್ತೂ ಅಲುಗಾಡಿಸಬಾರದು, ಮಿದುಳಿಗೆ ಪೆಟ್ಟಾಗುತ್ತದೆ.

ನಿಮಗೇ ಅಳು ಬರುತ್ತಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಹೆಂಡತಿ ಮಾತಾಡಿದಳು. ಅವಳ ಸಂಕಟ ನನಗೂ ಅರ್ಥವಾದದ್ದು ಆಮೇಲೆಯೇ.
— ಓದುಗರು, ಬೆಂಗಳೂರು

ಮಗಳೇ, ನಾನೂ ಒಬ್ಬ ಅತ್ತೆ. ನನ್ನ ಸೊಸೆಗೆ ಬದನೆಕಾಯಿ ನಂಜು, ಬೇಳೆ ವಾಯು, ಮೊಸರು ಶೀತ ಎಂದು ಎಲ್ಲ ಬಿಡಿಸಿದವಳು ನಾನೇ. ನನಗೆ ನನ್ನ ಅತ್ತೆ ಹಾಗೇ ಮಾಡಿದ್ದರು, ಮೊಮ್ಮಗುವಿನ ಮೇಲಿನ ಪ್ರೀತಿಯಿಂದಲೇ ನಾನೂ ಮಾಡಿದೆ. ನಿಮ್ಮ ಅತ್ತೆಯದೂ ಅದೇ ಇರಬೇಕು, ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಆಶಾ ಕಾರ್ಯಕರ್ತೆ 28ನೇ ದಿನ ಮನೆಗೆ ಬಂದಾಗ ಸೊಸೆಯ ರೆಪ್ಪೆ ಕೆಳಗೆಳೆದು ನೋಡಿ, “ಅಮ್ಮ, ಇವಳ ಕಣ್ಣು ಬಿಳಿಚಿದೆಯಲ್ಲ” ಎಂದಳು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ತುಂಬಾ ಕಡಿಮೆ ಬಂತು. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ ಜಾಸ್ತಿ ಬೇಕು ಎಂದು ಡಾಕ್ಟರಮ್ಮ ಹೇಳಿದರು. ನಾನು ಅವಳ ತಟ್ಟೆಯಿಂದ ಕಿತ್ತುಕೊಳ್ಳುತ್ತಾ ಬಂದಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೆಯ ದಿನದಿಂದ ಸಂಜೆ ಐದೂವರೆಗೆ ಬಿಸಿ ಅನ್ನ, ತೊಗರಿಬೇಳೆ ತೊವ್ವೆ, ಸಬ್ಬಸಿಗೆ ಪಲ್ಯ ಬಡಿಸಿ ಅವಳನ್ನು ಕೂರಿಸುತ್ತಿದ್ದೆ. ಆರಕ್ಕೆ ಸರಿಯಾಗಿ ಕೂಸು ಶುರು ಮಾಡುತ್ತಿತ್ತು. ನೀನು ಏಳಬೇಡ, ನಿಧಾನವಾಗಿ ಉಣ್ಣು ಎಂದು ನಾನೇ ಎತ್ತಿಕೊಳ್ಳುತ್ತಿದ್ದೆ.
— ಓದುಗರು, ತಿಪಟೂರು